ಲಾಂಛನವೂ ಕಳಂಕವೂ

ಸಂಸ್ಕೃತದ ‘ಲಾಂಛನ’ ಶಬ್ದಕ್ಕೆ ಎರಡು ಅರ್ಥಗಳುಂಟು. ಗುರುತು, ಚಿಹ್ನೆ, ಮುದ್ರೆ ಎಂಬುದು ಒಂದು. ಕಲೆ, ಕಳಂಕ ಎಂಬುದು ಇನ್ನೊಂದು. ಚಂದ್ರಬಿಂಬದಲ್ಲಿ ಕಾಣುವ ಮೊಲದ ಆಕಾರವನ್ನು ಕವಿಗಳು ಲಾಂಛನವೆಂದರು. ಅವನಿಗೆ ಶಶಲಾಂಛನನೆಂಬ ಹೆಸರು ಬಂದದ್ದು ಅದರಿಂದ. ಚಾಳುಕ್ಯರ ವರಾಹ, ಹೊಯ್ಸಳರ ಶಾರ್ದೂಲ, ಮೈಸೂರರಸರ ಗಂಡಭೇರುಂಡ ಇವೂ ಲಾಂಛನಗಳೇ. ಒಂದೇ ಶಬ್ದವು ಮಾನವನ್ನೂ ಮಾನಹಾನಿಯನ್ನೂ ಹೊತ್ತಿರುವುದು ಕೋಶ ಓದುವವರಿಗೆ ಸೋಜಿಗವಲ್ಲ. ಆದರೆ ೨೦೧೨ನೆಯ ಇಸವಿಯ ಸೆಪ್ಟೆಂಬರ್ ತಿಂಗಳಿನಲ್ಲಿ ಮುಂಬಯಿಯಲ್ಲಿ ಈ ಎರಡು ಅರ್ಥಗಳ ನಡುವೆ ಸಿಕ್ಕಿಕೊಂಡು ಇಪ್ಪತ್ತೈದು ವರ್ಷದ ಚಿತ್ರಕಾರನೊಬ್ಬನು ಸೆರೆಮನೆ ಸೇರಿದನು. ದೇಶದ ಲಾಂಛನಕ್ಕೆ ಅವನು ಕಳಂಕ ಹಚ್ಚಿದನೆಂದು ಒಂದು ಪಕ್ಷ. ಕಳಂಕವು ಮೊದಲೇ ಹತ್ತಿತ್ತು, ಅವನು ಅದನ್ನು ತೋರಿಸಿದನು ಅಷ್ಟೆ ಎಂದು ಮತ್ತೊಂದು ಪಕ್ಷ. ಈ ವಾದವು ನಮ್ಮ ಸೀಮೆಗೆ ದೂರದ್ದೆಂದು ತೋರಬಹುದು. ಆದರೆ ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲುದಾರಿಯಲ್ಲಿ ತೊಂಡೇಬಾವಿ, ಗೌರಿಬಿದನೂರು ದಾಟಿದ ಮೇಲೆ ಬರುವ ವಿದುರಾಶ್ವತ್ಥವನ್ನು ನೆನೆದರೆ, ಇದೇ ವಾದವು ಅಲ್ಲಿ ಮುಕ್ಕಾಲು ಶತಮಾನದ ಹಿಂದೆಯೇ ರಕ್ತದಲ್ಲಿ ನಡೆದುಹೋಗಿದೆಯೆಂಬುದು ತಿಳಿಯುತ್ತದೆ.

ಆ ತರುಣನ ಹೆಸರು ಅಸೀಮ್ ತ್ರಿವೇದಿ. ಗಂಗಾತೀರದ ಕಾನ್ಪುರದ ಕಡೆಯವನು. ೨೦೧೧ನೆಯ ಇಸವಿಯು ಲಂಚಗುಳಿತನದ ವಿರುದ್ಧ ಭಾರತದ ಜನರು ಬೀದಿಗೆ ಬಂದ ವರ್ಷ. ಮಹಾರಾಷ್ಟ್ರದ ಅಣ್ಣಾ ಹಜಾರೆಯವರು ಲೋಕಪಾಲ ಶಾಸನಕ್ಕಾಗಿ ದೆಹಲಿಯಲ್ಲಿ ಎರಡು ಬಾರಿ ಉಪವಾಸ ಕುಳಿತರು. ಕನ್ನಡನಾಡು ಈ ಕೋಲಾಹಲಕ್ಕೆ ಹೊರತಾಗಿರಲಿಲ್ಲ. ಬಳ್ಳಾರಿಯ ಗಣಿಗಳ ಅಕ್ರಮವನ್ನು ಕುರಿತು ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ ಹೆಗ್ಡೆಯವರು ಸಲ್ಲಿಸಿದ ವರದಿಯು ಅದೇ ವರ್ಷದ ಜುಲೈ ತಿಂಗಳಿನಲ್ಲಿ ಹೊರಬಿದ್ದು, ರಾಜ್ಯದ ಮುಖ್ಯಮಂತ್ರಿಗಳು ಅಧಿಕಾರವನ್ನು ಬಿಡಬೇಕಾಯಿತು. ಇಂತಹ ಕಾಲದಲ್ಲಿ ತ್ರಿವೇದಿಯು ‘ಭ್ರಷ್ಟಾಚಾರದ ವಿರುದ್ಧ ವ್ಯಂಗ್ಯಚಿತ್ರಗಳು’ ಎಂಬ ಹೆಸರಿನಲ್ಲಿ ಚಿತ್ರಗಳನ್ನು ಬರೆದು ಅಂತರ್ಜಾಲದಲ್ಲಿ ಪ್ರಕಟಿಸಿದನು. ಡಿಸೆಂಬರ್ ೨೭ರಂದು ಹಜಾರೆಯವರು ಮುಂಬಯಿಯಲ್ಲಿ ಮತ್ತೆ ಉಪವಾಸಕ್ಕೆ ಕುಳಿತಾಗ ಆ ಮೈದಾನದಲ್ಲಿ ಈ ಚಿತ್ರಗಳ ಪ್ರದರ್ಶನವೂ ನಡೆಯಿತು.

ಆ ಚಿತ್ರಗಳು ಮೃದುವಾದುವಲ್ಲ. ಒಂದರಲ್ಲಿ ಅಶೋಕಸ್ತಂಭದ ಸಿಂಹಗಳಿದ್ದ ಜಾಗದಲ್ಲಿ ಬಾಯಲ್ಲಿ ರಕ್ತ ಸೋರುವ ತೋಳಗಳು. ಕೆಳಗೆ ‘ಸತ್ಯಮೇವ’ ಎಂಬುದಕ್ಕೆ ಬದಲಾಗಿ ‘ಭ್ರಷ್ಟಮೇವ’. ಇನ್ನೊಂದರಲ್ಲಿ ಪಾರ್ಲಿಮೆಂಟಿನ ದುಂಡನೆಯ ಭವನವು ಶೌಚದ ಪೀಠವಾಗಿತ್ತು. ಮತ್ತೊಂದರಲ್ಲಿ ರಾಜಕಾರಣಿಯೂ ಅಧಿಕಾರಿಯೂ ಭಾರತಮಾತೆಯನ್ನು ಹಿಡಿದುಕೊಂಡಿರಲು, ಭ್ರಷ್ಟಾಚಾರವೆಂಬ ಮೃಗವು ಅವಳ ಮಾನಭಂಗಕ್ಕೆ ಹೊರಟಿತ್ತು. ಇನ್ನೂ ಒಂದರಲ್ಲಿ, ೨೦೦೮ನೆಯ ನವೆಂಬರಿನಲ್ಲಿ ಮುಂಬಯಿಯ ಮೇಲೆ ಬಿದ್ದು ಕೊಲೆಗೈದವರಲ್ಲಿ ಸಿಕ್ಕಿಬಿದ್ದ ಕಸಬನನ್ನು ನಾಯಿಯಾಗಿ ಬರೆದು, ಆ ನಾಯಿಯು ಸಂವಿಧಾನದ ಪುಸ್ತಕದ ಮೇಲೆ ಮೂತ್ರ ಮಾಡುವಂತೆ ತೋರಿಸಲಾಗಿತ್ತು. ಚಿತ್ರಕಾರನಿಗೆ ದೇಶದ ಮೇಲೆ ಸಿಟ್ಟಿಲ್ಲವೆಂಬುದೂ, ದೇಶದ ಪರವಾಗಿಯೇ ಸಿಟ್ಟು ಬಂದಿದೆಯೆಂಬುದೂ ನೋಡಿದವರಿಗೆ ಗೊತ್ತಾಗುವಂತಿತ್ತು. ಸಿಟ್ಟಿನ ಅಳತೆ ಮಾತ್ರ ತಪ್ಪಿತ್ತು ಎಂದು ಹೇಳಿದವರೂ ಇದ್ದರು.

ಪ್ರದರ್ಶನ ನಡೆದ ದಿನವೇ ಮುಂಬಯಿ ಪೊಲೀಸರ ಸೂಚನೆಯ ಮೇರೆಗೆ ಅವನ ಅಂತರ್ಜಾಲದ ತಾಣವನ್ನು ಮುಚ್ಚಲಾಯಿತು. ಸಂವಿಧಾನಕ್ಕೂ ಲಾಂಛನಕ್ಕೂ ಅಪಮಾನವಾಯಿತೆಂದು ಒಬ್ಬ ನಾಗರಿಕನು ದೂರು ಕೊಟ್ಟನು. ಎಂಟು ತಿಂಗಳು ಕಳೆದ ಮೇಲೆ, ೨೦೧೨ನೆಯ ಸೆಪ್ಟೆಂಬರಿನಲ್ಲಿ, ಅವನನ್ನು ಬಂಧಿಸಿದರು. ರಾಷ್ಟ್ರಗೌರವಕ್ಕೆ ಅಪಮಾನವನ್ನು ತಡೆಯುವ ೧೯೭೧ರ ಶಾಸನ, ಮಾಹಿತಿ ತಂತ್ರಜ್ಞಾನ ಶಾಸನದ ೬೬ಎ ಪ್ರಕರಣ, ಇವುಗಳ ಜೊತೆಗೆ ದಂಡಸಂಹಿತೆಯ ೧೨೪ಎ ಪ್ರಕರಣ, ಎಂದರೆ ರಾಜದ್ರೋಹವೂ ಸೇರಿತು. ಮೊದಲಿನ ಎರಡು ಆರೋಪಗಳನ್ನು ಜನರು ಹೇಗೋ ಅರ್ಥಮಾಡಿಕೊಂಡಾರು. ಮೂರನೆಯದನ್ನು ಕೇಳಿ ಅವಾಕ್ಕಾದರು. ಅರಸನೇ ಇಲ್ಲದ ದೇಶದಲ್ಲಿ ರಾಜದ್ರೋಹವೆಂಬ ಶಬ್ದವು ಉಳಿದುಕೊಂಡಿದ್ದುದು ಒಂದು ಚೋದ್ಯ. ಅದು ಒಂದು ಚಿತ್ರದ ಮೇಲೆ ಬಂದು ಕುಳಿತದ್ದು ಇನ್ನೊಂದು ಚೋದ್ಯ.

ಈ ೧೨೪ಎ ಪ್ರಕರಣದ ಕುಲಗೋತ್ರವನ್ನು ತುಸು ವಿಚಾರಿಸಬೇಕು. ಮೆಕಾಲೆಯು ೧೮೩೭ರಲ್ಲಿ ಸಿದ್ಧಪಡಿಸಿದ ದಂಡಸಂಹಿತೆಯ ಕರಡಿನಲ್ಲಿ ಇಂಥದೊಂದು ಕಲಮು ಇದ್ದಿತು. ೧೮೬೦ರಲ್ಲಿ ಸಂಹಿತೆಯು ಶಾಸನವಾದಾಗ ಅದು ಬಿಟ್ಟುಹೋಗಿ, ೧೮೭೦ರಲ್ಲಿ ಮತ್ತೆ ಸೇರಿತು. ಸರ್ಕಾರದ ವಿಷಯದಲ್ಲಿ ‘ಅಪ್ರೀತಿ’ಯನ್ನು ಹುಟ್ಟಿಸುವುದೇ ಅಪರಾಧವೆಂದು ಅದರ ತಾತ್ಪರ್ಯ. ಪ್ರಜೆಗಳು ಸರ್ಕಾರವನ್ನು ಪ್ರೀತಿಸಲೇಬೇಕೆಂಬ ವಿಧಿಯು ಧರ್ಮಶಾಸ್ತ್ರಕಾರರಿಗೂ ಹೊಳೆದಿರಲಿಲ್ಲ! ಬಾಲಗಂಗಾಧರ ತಿಲಕರು ಈ ಪ್ರಕರಣದ ಮೇಲೆ ೧೮೯೭ರಲ್ಲಿ ಹದಿನೆಂಟು ತಿಂಗಳ ಶಿಕ್ಷೆಗೂ, ೧೯೦೮ರಲ್ಲಿ ಆರು ವರ್ಷಗಳ ಶಿಕ್ಷೆಗೂ ಗುರಿಯಾದರು. ೧೯೨೨ರಲ್ಲಿ ಗಾಂಧಿಯವರಿಗೆ ಇದರಡಿಯಲ್ಲಿಯೇ ಆರು ವರ್ಷಗಳ ಸಜೆಯಾಯಿತು. ಸ್ವಾತಂತ್ರ್ಯ ಬಂದ ತರುವಾಯ, ೧೯೬೨ರಲ್ಲಿ, ಕೇದಾರನಾಥ ಸಿಂಗ್ ಎಂಬವರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಕಲಮನ್ನು ಉಳಿಸಿಕೊಂಡಿತಾದರೂ, ಹಿಂಸೆಗೆ ಪ್ರಚೋದನೆ ಕೊಡುವ ಅಥವಾ ಸಾರ್ವಜನಿಕ ಶಾಂತಿಯನ್ನು ಕೆಡಿಸುವ ಪ್ರವೃತ್ತಿಯುಳ್ಳ ಮಾತಿಗೆ ಮಾತ್ರ ಇದು ತಗಲುವುದೆಂದು ಮೇರೆ ಹಾಕಿತು. ಸರ್ಕಾರವನ್ನು ಕಟುವಾಗಿ ಟೀಕಿಸುವುದು ರಾಜದ್ರೋಹವಲ್ಲವೆಂಬುದು ಅಂದಿನಿಂದ ಸ್ಥಿರವಾದ ನ್ಯಾಯ. ಐವತ್ತು ವರ್ಷಗಳ ಹಿಂದಿನ ಈ ತೀರ್ಪು ತ್ರಿವೇದಿಯನ್ನು ಬಂಧಿಸಿದ ದಿನ ಯಾರ ನೆನಪಿಗೂ ಬಂದಂತೆ ಕಾಣಲಿಲ್ಲ.

ದಕ್ಷಿಣದೇಶದಲ್ಲಿ ದೇಶಭಕ್ತಿಯ ವ್ಯಂಗ್ಯಚಿತ್ರಕ್ಕೆ ದಾರಿ ಹಾಕಿಕೊಟ್ಟವರು ತಮಿಳಿನ ಕವಿ ಸುಬ್ರಹ್ಮಣ್ಯ ಭಾರತಿಯವರು. ಅವರು ೧೯೦೬ರಿಂದ ಮದರಾಸಿನಲ್ಲಿ ನಡೆಸಿದ ‘ಇಂಡಿಯಾ’ ವಾರಪತ್ರಿಕೆಯಲ್ಲಿ ರಾಜಕೀಯ ವಿನೋದಚಿತ್ರಗಳು ಬರತೊಡಗಿದುವು. ಭಾರತಿಯವರಿಗೆ ಆಗ ಇಪ್ಪತ್ತಮೂರು ವರ್ಷ. ೧೯೦೮ರಲ್ಲಿ ಸರ್ಕಾರವು ಪತ್ರಿಕೆಯ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಿ, ಕಾನೂನಿನ ಕಣ್ಣಿಗೆ ಪ್ರಕಾಶಕನಾಗಿದ್ದವನನ್ನು ಹಿಡಿಯಿತು; ಭಾರತಿಯವರು ಫ್ರೆಂಚರ ಪುದುಚ್ಚೇರಿಗೆ ಹೋಗಿ ಅಲ್ಲಿಂದ ಪತ್ರಿಕೆಯನ್ನು ಮುಂದುವರಿಸಿದರು. ಅಕ್ಷರ ಬಾರದವನಿಗೂ ಚಿತ್ರವು ತಿಳಿಯುತ್ತದೆಂಬುದೇ ಈ ಕಲೆಯ ಬಲ. ಆಳುವವರು ಅದಕ್ಕೆ ಅಂಜುವುದೂ ಅದಕ್ಕಾಗಿಯೇ. ಲೇಖನವನ್ನು ಓದುವವರು ನೂರು ಮಂದಿಯಾದರೆ ಚಿತ್ರವನ್ನು ನೋಡುವವರು ಸಾವಿರ.

ಅದೇ ೧೯೦೮ರಲ್ಲಿ ಮೈಸೂರು ಸಂಸ್ಥಾನವೂ ಪತ್ರಿಕೆಗಳಿಗೆ ಕಡಿವಾಣ ಹಾಕುವ ನಿಬಂಧನೆಯನ್ನು ತಂದಿತು. ವಿ. ಪಿ. ಮಾಧವರಾಯರು ಆಗ ದಿವಾನರು. ‘ತಾತಯ್ಯ’ನೆಂದು ಜನರು ಗೌರವದಿಂದ ಕರೆಯುತ್ತಿದ್ದ ಎಂ. ವೆಂಕಟಕೃಷ್ಣಯ್ಯನವರು ಪ್ರತಿಭಟನಾರ್ಥವಾಗಿ ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿಬಿಟ್ಟರು. ನಮ್ಮ ಸಂಸ್ಥಾನವು ಅನೇಕ ವಿಷಯಗಳಲ್ಲಿ ಮಾದರಿ ರಾಜ್ಯವೆನ್ನಿಸಿಕೊಂಡದ್ದು ಸುಳ್ಳಲ್ಲ. ಕೆರೆ ಕಟ್ಟೆ ವಿದ್ಯುಚ್ಛಕ್ತಿ ವಿದ್ಯಾಭ್ಯಾಸಗಳಲ್ಲಿ ಅದರ ಕೀರ್ತಿ ಅದಕ್ಕೆ ಸಲ್ಲತಕ್ಕದ್ದು. ಆದರೆ ಟೀಕೆಯನ್ನು ಸಹಿಸುವುದರಲ್ಲಿ ಅದು ಬ್ರಿಟಿಷರ ಶಿಷ್ಯನೇ ಆಗಿತ್ತು.

ಇನ್ನು ವಿದುರಾಶ್ವತ್ಥದ ಮಾತು. ಉತ್ತರಪಿನಾಕಿನಿಯ ದಡದ ಈ ಕ್ಷೇತ್ರದಲ್ಲಿ ವಿದುರನು ಅಶ್ವತ್ಥವನ್ನು ನೆಟ್ಟನೆಂಬುದು ಐತಿಹ್ಯ. ಸಂತಾನವನ್ನು ಬೇಡಿ ಹರಕೆ ಹೊತ್ತವರು ಪ್ರತಿಷ್ಠಿಸಿದ ನಾಗರಕಲ್ಲುಗಳು ಅಲ್ಲಿ ಸಾವಿರಗಟ್ಟಲೆ ನಿಂತಿವೆ. ೧೯೩೮ರ ಏಪ್ರಿಲ್ ತಿಂಗಳಿನಲ್ಲಿ ಮದ್ದೂರಿನ ಬಳಿಯ ಶಿವಪುರದಲ್ಲಿ ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಮೈಸೂರು ಕಾಂಗ್ರೆಸ್ಸು ಸೇರಿ, ನಿಷೇಧವನ್ನು ಮೀರಿ ಚರಖದ ತ್ರಿವರ್ಣಧ್ವಜವನ್ನು ಏರಿಸಿತು. ಸಂಸ್ಥಾನಕ್ಕೆ ತನ್ನದೇ ಆದ ಗಂಡಭೇರುಂಡದ ಧ್ವಜವಿರುವಾಗ ಹೊರಗಿನ ಒಂದು ಪಕ್ಷದ ಬಾವುಟವೇಕೆಂಬುದು ಅಧಿಕಾರಿಗಳ ಪಕ್ಷ. ಅದು ಪಕ್ಷದ್ದಲ್ಲ, ದೇಶದ್ದು ಎಂಬುದು ಜನರ ಪಕ್ಷ. ಧ್ವಜಸತ್ಯಾಗ್ರಹವು ಹಳ್ಳಿಹಳ್ಳಿಗೆ ಹಬ್ಬಿತು. ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ಸೀಮೆಯ ಜನರು ಏಪ್ರಿಲ್ ೨೫ರಂದು ವಿದುರಾಶ್ವತ್ಥದಲ್ಲಿ ನೆರೆದರು. ಪೊಲೀಸರು ಗುಂಡು ಹಾರಿಸಿದರು. ಮಡಿದವರು ಮೂವತ್ತೆರಡು ಮಂದಿಯೆಂಬುದು ಜನರ ಲೆಕ್ಕ. ಸರ್ಕಾರವು ಒಪ್ಪಿದ್ದು ಅದಕ್ಕಿಂತ ಬಹಳ ಕಡಮೆ. ದಕ್ಷಿಣದ ಜಲಿಯನ್‌ವಾಲಾಬಾಗ್ ಎಂದು ಆ ಊರಿಗೆ ಹೆಸರಾಯಿತು.

ಅನಂತರದ ಸಂಗತಿಗಳು ಬೇಗಬೇಗನೆ ನಡೆದುವು. ಗಾಂಧಿಯವರು ಈ ದುರಂತವನ್ನು ಕುರಿತು ಹೇಳಿಕೆಯಿತ್ತರು. ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಮೈಸೂರಿಗೆ ಬಂದು ದಿವಾನ್ ಸರ್ ಮಿರ್ಜಾ ಇಸ್ಮಾಯಿಲರೊಡನೆ ಮಾತುಕತೆ ನಡೆಸಿದರು. ಮದರಾಸಿನ ನಿವೃತ್ತ ನ್ಯಾಯಾಧೀಶ ವೇಪಾ ರಾಮೇಶಂ ಅವರ ವಿಚಾರಣಾ ಸಮಿತಿಯು ಏರ್ಪಟ್ಟಿತು. ಕೊನೆಗೆ, ಯಾವ ಬಾವುಟಕ್ಕಾಗಿ ಗುಂಡು ಹಾರಿತೋ ಆ ಬಾವುಟವು ಸಮಾರಂಭಗಳಲ್ಲಿ ಸಂಸ್ಥಾನದ ಧ್ವಜದ ಪಕ್ಕದಲ್ಲಿ ಹಾರಬಹುದೆಂದು ಒಪ್ಪಂದವಾಯಿತು. ತಿಂಗಳೊಪ್ಪತ್ತಿನಲ್ಲಿ ಒಪ್ಪಬಹುದಾಗಿದ್ದ ಮಾತಿಗೆ ಮೊದಲೇ ಏಕೆ ಒಪ್ಪಲಿಲ್ಲವೆಂದು ಮಡಿದವರ ಮನೆಯವರು ಕೇಳಿದ್ದರೆ ಯಾರ ಬಳಿ ಉತ್ತರವಿದ್ದಿತು? ೧೯೪೭ರ ಜುಲೈ ೨೨ರಂದು ಸಂವಿಧಾನ ಸಭೆಯು ಆ ತ್ರಿವರ್ಣವನ್ನೇ, ಚರಖದ ಜಾಗದಲ್ಲಿ ಅಶೋಕನ ಚಕ್ರವನ್ನಿಟ್ಟು, ರಾಷ್ಟ್ರಧ್ವಜವನ್ನಾಗಿ ಸ್ವೀಕರಿಸಿತು. ವಿದುರಾಶ್ವತ್ಥದಲ್ಲಿ ಹುತಾತ್ಮರ ನೆನಪಿಗೆ ಈಗ ವೀರಸೌಧವಿದೆ.

ಹೀಗೆ ಒಂದು ಕಾಲದಲ್ಲಿ ಅಧಿಕಾರಕ್ಕೆ ಎದುರಾಗಿ ಜನರು ಹಿಡಿದ ಚಿಹ್ನೆಯು ಇನ್ನೊಂದು ಕಾಲದಲ್ಲಿ ಅಧಿಕಾರದ ಚಿಹ್ನೆಯಾಗುತ್ತದೆ. ಸಾರನಾಥದ ಸಿಂಹಗಳ ಕಥೆಯೂ ಇಂಥದೇ. ೧೯೦೪-೦೫ರಲ್ಲಿ ಓರ್ಟೆಲ್ ಎಂಬ ಇಂಜಿನಿಯರು ಅಗೆಯಿಸಿದಾಗ ಅಶೋಕನ ಸ್ತಂಭದ ಬೋದಿಗೆಯು ಮಣ್ಣಿನಿಂದ ಹೊರಬಂದಿತು. ಬೆನ್ನಿಗೆ ಬೆನ್ನು ಕೊಟ್ಟ ನಾಲ್ಕು ಸಿಂಹಗಳು, ಕೆಳಗಿನ ಪಟ್ಟಿಯಲ್ಲಿ ಆನೆ, ಕುದುರೆ, ಗೂಳಿ, ಸಿಂಹ, ನಡುನಡುವೆ ಚಕ್ರ. ೧೯೫೦ರ ಜನವರಿ ೨೬ರಂದು ಇದು ಗಣರಾಜ್ಯದ ಲಾಂಛನವಾಯಿತು. ಮುಂಡಕೋಪನಿಷತ್ತಿನಿಂದ ಅದರ ಧ್ಯೇಯವಾಕ್ಯವನ್ನು ಆರಿಸಿದರು. ಸಂವಿಧಾನದ ಮೂಲಪ್ರತಿಗೆ ಇದನ್ನು ಬರೆದವರು ಶಾಂತಿನಿಕೇತನದಲ್ಲಿ ನಂದಲಾಲ ಬೋಸರ ಶಿಷ್ಯರಾಗಿದ್ದ ದೀನಾನಾಥ ಭಾರ್ಗವ. ಅವರೂ ಆಗ ಇಪ್ಪತ್ತು ದಾಟಿದ ತರುಣರಷ್ಟೆ. ಸಿಂಹದ ಮುಖಭಾವವನ್ನು ಸರಿಯಾಗಿ ಹಿಡಿಯಬೇಕೆಂದು ಕಲಕತ್ತೆಯ ಮೃಗಾಲಯಕ್ಕೆ ಹೋಗಿ ಸಿಂಹಗಳನ್ನು ನೋಡುತ್ತ ಕುಳಿತಿದ್ದರಂತೆ. ಒಬ್ಬ ತರುಣನು ಬರೆದ ಸಿಂಹಗಳನ್ನು ಅರುವತ್ತು ವರ್ಷಗಳ ಮೇಲೆ ಇನ್ನೊಬ್ಬ ತರುಣನು ತೋಳಗಳನ್ನಾಗಿ ಬರೆದನು. ನಡುವಿನ ಅರುವತ್ತು ವರ್ಷಗಳಲ್ಲಿ ಏನು ನಡೆಯಿತೆಂಬುದನ್ನು ಅವನ ಚಿತ್ರವು ಕೇಳಿತು. ಆ ಪ್ರಶ್ನೆಯನ್ನು ಪಕ್ಕಕ್ಕಿಟ್ಟು, ಕೇಳಿದ ರೀತಿಯನ್ನು ಪೊಲೀಸರು ವಿಚಾರಿಸಿದರು.

ಈ ಅರುವತ್ತು ವರ್ಷಗಳ ವ್ಯಂಗ್ಯಚಿತ್ರದ ಚರಿತ್ರೆಯಲ್ಲಿ ಕನ್ನಡನಾಡಿನ ಪಾಲು ದೊಡ್ಡದು. ೧೯೪೨ರಲ್ಲಿ, ದೇಶವೆಲ್ಲ ಚಳವಳಿಯಿಂದ ಕುದಿಯುತ್ತಿದ್ದಾಗ, ಬೆಂಗಳೂರಿನ ವೈದ್ಯರಾದ ಡಾಕ್ಟರ್ ಎಂ. ಶಿವರಾಂ ಅವರು ‘ಕೊರವಂಜಿ’ ಎಂಬ ಹಾಸ್ಯದ ಮಾಸಪತ್ರಿಕೆಯನ್ನು ಹೊರಡಿಸಿದರು. ‘ರಾಶಿ’ ಎಂಬುದು ಅವರ ಬರವಣಿಗೆಯ ಹೆಸರು. ರೋಗಿಗಳ ನಾಡಿ ಹಿಡಿಯುವ ಕೈಯೇ ನಾಡಿನ ನಾಡಿಯನ್ನೂ ಹಿಡಿಯಿತು. ಆ ಪತ್ರಿಕೆಯು ಇಪ್ಪತ್ತೈದು ವರ್ಷ ನಡೆಯಿತು. ಮೈಸೂರಿನಲ್ಲಿ ೧೯೨೧ರಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿದ ಆರ್. ಕೆ. ಲಕ್ಷ್ಮಣರು ತಮ್ಮ ಎಳೆವಯಸ್ಸಿನಲ್ಲಿ ಚಿತ್ರ ಬರೆದ ಪತ್ರಿಕೆಗಳಲ್ಲಿ ಕೊರವಂಜಿಯೂ ಒಂದು. ಮುಂಬಯಿಯ ಜೆ. ಜೆ. ಕಲಾಶಾಲೆಯು ಈ ಹುಡುಗನಿಗೆ ಸಾಕಷ್ಟು ಯೋಗ್ಯತೆಯಿಲ್ಲವೆಂದು ಪ್ರವೇಶ ಕೊಡದೆ ಹೋದದ್ದೂ, ಅದೇ ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯಲ್ಲಿ ಅವರು ಅರ್ಧ ಶತಮಾನ ಚಿತ್ರ ಬರೆದದ್ದೂ ಎಲ್ಲರಿಗೂ ತಿಳಿದ ವಿಷಯ. ಚೌಕಳಿಯ ಅಂಗಿ, ಪಂಚೆ, ಕನ್ನಡಕಗಳ ಅವರ ಸಾಮಾನ್ಯ ಮನುಷ್ಯನು ಒಂದು ಮಾತನ್ನೂ ಆಡದೆ ಎಲ್ಲವನ್ನೂ ನೋಡಿದನು.

ಲಕ್ಷ್ಮಣರಿಗೆ ಜನರು ತೋರಿದ ಆದರವನ್ನು ತ್ರಿವೇದಿಗೆ ಬಂದ ಪ್ರತಿಕ್ರಿಯೆಯ ಪಕ್ಕದಲ್ಲಿಟ್ಟು ನೋಡುವುದು ಉಪಯುಕ್ತ. ೧೯೬೨ರ ಚೀನಾ ಯುದ್ಧದ ತರುವಾಯ ಲಕ್ಷ್ಮಣರು ಪ್ರಧಾನಿ ನೆಹರೂರವರನ್ನು ಕುರಿತು ತೀಕ್ಷ್ಣವಾದ ಚಿತ್ರವೊಂದನ್ನು ಬರೆದಾಗ, ನೆಹರೂರವರೇ ಟೆಲಿಫೋನಿನಲ್ಲಿ ಕರೆದು, ಚಿತ್ರವು ಬಹಳ ಚೆನ್ನಾಗಿದೆ, ಸಹಿ ಹಾಕಿದ ದೊಡ್ಡ ಪ್ರತಿಯನ್ನು ಕಳುಹಿಸಿಕೊಡಿ, ಗೋಡೆಗೆ ಹಾಕಿಸುತ್ತೇನೆ ಎಂದರೆಂದು ಲಕ್ಷ್ಮಣರು ಹೇಳಿಕೊಂಡಿದ್ದಾರೆ. ಕೇರಳದ ಶಂಕರ ಪಿಳ್ಳೆಯವರು ೧೯೪೮ರಲ್ಲಿ ತಮ್ಮ ವಾರಪತ್ರಿಕೆಯನ್ನು ಆರಂಭಿಸಿದಾಗ ತನ್ನನ್ನೂ ಬಿಡಬೇಡಿರೆಂದು ಹೇಳಿದವರು ಇದೇ ನೆಹರೂ. ಆದರೆ ಆ ಔದಾರ್ಯವು ವ್ಯಕ್ತಿಯದಾಗಿತ್ತು, ವ್ಯವಸ್ಥೆಯದಾಗಿರಲಿಲ್ಲ. ೧೯೭೫ರಲ್ಲಿ ತುರ್ತುಪರಿಸ್ಥಿತಿ ಬಂದ ಕೆಲವೇ ವಾರಗಳಲ್ಲಿ ಶಂಕರರ ಪತ್ರಿಕೆಯು ಮುಚ್ಚಿತು. ಸೆನ್ಸಾರಿನ ಕತ್ತರಿಯು ಲಕ್ಷ್ಮಣರ ಮೇಜಿನವರೆಗೂ ಬಂದಿತು. ದೊರೆಯು ನಕ್ಕರೆ ವಿದೂಷಕನಿಗೆ ಕ್ಷೇಮ, ದೊರೆಯ ಮುಖ ಗಂಟಾದರೆ ಅಪಾಯ ಎಂಬುದು ನಾಟಕಶಾಲೆಗೆ ಒಪ್ಪೀತು. ಸಂವಿಧಾನವುಳ್ಳ ದೇಶಕ್ಕೆ ಒಪ್ಪದು.

ನಮ್ಮ ಪೂರ್ವಿಕರಲ್ಲಿ ಈ ಸಹನೆ ಇರಲಿಲ್ಲವೆಂದು ಯಾರೂ ಹೇಳಲಾಗದು. ಏಳನೆಯ ಶತಮಾನದ ಪಲ್ಲವರಾಜ ಮಹೇಂದ್ರವರ್ಮನು ತಾನೇ ಬರೆದ ‘ಮತ್ತವಿಲಾಸ ಪ್ರಹಸನ’ದಲ್ಲಿ ತನ್ನ ರಾಜಧಾನಿಯಾದ ಕಾಂಚಿಯ ನ್ಯಾಯಸ್ಥಾನದವರನ್ನು ಹಣದಿಂದ ಕೊಳ್ಳಬಹುದೆಂಬ ಮಾತನ್ನು ಪಾತ್ರದ ಬಾಯಲ್ಲಿ ಆಡಿಸಿದ್ದಾನೆ. ಹನ್ನೊಂದನೆಯ ಶತಮಾನದ ಕಾಶ್ಮೀರದಲ್ಲಿ ಕ್ಷೇಮೇಂದ್ರನು ‘ನರ್ಮಮಾಲಾ’ ಎಂಬ ಕಾವ್ಯವನ್ನು ರಾಜನ ಕರಣಿಕರ ಲಂಚಗುಳಿತನಕ್ಕೆಂದೇ ಮೀಸಲಿಟ್ಟನು. ಅದರ ಭಾಷೆಯು ತ್ರಿವೇದಿಯ ಕುಂಚಕ್ಕಿಂತ ಮೃದುವೆಂದು ಹೇಳುವವರು ಆ ಗ್ರಂಥವನ್ನು ಓದಿಲ್ಲ.

೨೦೧೨ರ ಸೆಪ್ಟೆಂಬರಿನಲ್ಲಿ ಜನರು ಏನೆಂದರು? ಎಲ್ಲರೂ ಒಂದೇ ಮಾತನ್ನಾಡಲಿಲ್ಲ. ಭಾರತೀಯ ಪತ್ರಿಕಾ ಮಂಡಲಿಯ ಅಧ್ಯಕ್ಷರಾಗಿದ್ದ ನ್ಯಾಯಮೂರ್ತಿ ಮಾರ್ಕಂಡೇಯ ಕಾಟ್ಜು ಅವರು, ಚಿತ್ರಕಾರನು ಅಪರಾಧವನ್ನೇನೂ ಮಾಡಿಲ್ಲ, ನಿರಪರಾಧಿಯನ್ನು ಬಂಧಿಸಿದ್ದೇ ಅಪರಾಧವೆಂದು ಕಟುವಾಗಿ ನುಡಿದರು. ಪತ್ರಕರ್ತರೂ ಚಿತ್ರಕಾರರೂ ಪ್ರತಿಭಟಿಸಿದರು. ಲಂಚವಿರೋಧಿ ಚಳವಳಿಯವರಿಗೆ ಅವನು ವೀರನಾದನು. ಅವನೂ, ರಾಜದ್ರೋಹದ ಆರೋಪವನ್ನು ತೆಗೆಯುವವರೆಗೆ ಜಾಮೀನು ಕೇಳುವುದಿಲ್ಲವೆಂದು ಹಟ ಹಿಡಿದನು. ಮೊದಲು ತಮ್ಮ ವಶಕ್ಕೆ ಪಡೆದ ಪೊಲೀಸರೇ, ದೇಶವೆಲ್ಲ ಗದ್ದಲವೆದ್ದ ಮೇಲೆ, ಅವನು ತಮ್ಮ ವಶದಲ್ಲಿರುವ ಆವಶ್ಯಕತೆಯಿಲ್ಲವೆಂದು ನ್ಯಾಯಾಲಯಕ್ಕೆ ತಿಳಿಸಿದರು. ಒಬ್ಬ ವಕೀಲರು ಸಾರ್ವಜನಿಕ ಹಿತದ ಅರ್ಜಿ ಹಾಕಿದ್ದರಿಂದ ಮುಂಬಯಿಯ ಉಚ್ಚ ನ್ಯಾಯಾಲಯವು ಸೆಪ್ಟೆಂಬರ್ ೧೧ರಂದು, ಐದು ಸಾವಿರ ರೂಪಾಯಿಗಳ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಆಜ್ಞೆಮಾಡಿತು. ಅದೇ ವರ್ಷ ವಿದೇಶದ ಚಿತ್ರಕಾರರ ಸಂಸ್ಥೆಯೊಂದು, ಸಿರಿಯಾ ದೇಶದ ಅಲಿ ಫರ್ಜತ್ ಅವರ ಜೊತೆಗೆ, ಇವನಿಗೂ ಧೈರ್ಯಕ್ಕಾಗಿ ಪ್ರಶಸ್ತಿಯನ್ನು ಕೊಟ್ಟಿತು. ಅಲಿ ಫರ್ಜತ್ ಅವರ ಕೈಗಳನ್ನು ೨೦೧೧ರಲ್ಲಿ ದುಷ್ಟರು ಮುರಿದಿದ್ದರು. ಆ ಹೆಸರಿನ ಪಕ್ಕದಲ್ಲಿ ಭಾರತದ ಹೆಸರು ಬಂದದ್ದು ಹೆಮ್ಮೆಯ ಮಾತೋ ನಾಚಿಕೆಯ ಮಾತೋ ಹೇಳುವುದು ಕಷ್ಟ.

ಆದರೆ ದೂರು ಕೊಟ್ಟವರ ಪಕ್ಷವನ್ನು ಹಾಗೆಯೇ ತಳ್ಳಿಹಾಕುವುದು ನ್ಯಾಯವಲ್ಲ. ಅಂದಿನ ಪತ್ರಿಕೆಗಳಲ್ಲಿ ಈ ಪಕ್ಷಕ್ಕೆ ಸಲ್ಲಬೇಕಾದ ಗಮನವು ಸಲ್ಲಲಿಲ್ಲ. ಪುಸ್ತಕವನ್ನು ಮುಟ್ಟುವ ಅಧಿಕಾರವೇ ತಲೆಮಾರುಗಳ ಕಾಲ ಇಲ್ಲದಿದ್ದ ಜನಕ್ಕೆ, ತಮ್ಮವರೇ ಆದ ಅಂಬೇಡ್ಕರರು ಮುಂದೆ ನಿಂತು ರಚಿಸಿದ ಆ ಒಂದು ಗ್ರಂಥವೇ ಆಸರೆ. ಅದರ ಮೇಲೆ ನಾಯಿಯು ಮೂತ್ರ ಮಾಡುವ ಚಿತ್ರವನ್ನು ಕಂಡು ಅವರಲ್ಲಿ ಅನೇಕರಿಗೆ ನೋವಾದರೆ ಅದು ಸೋಗಿನ ನೋವಲ್ಲ. ನಾಯಿಯೆಂದರೆ ಕೊಲೆಗಡುಕ ಕಸಬನು, ಅವನ ನಿಂದೆಯೇ ಚಿತ್ರದ ಅಭಿಪ್ರಾಯ ಎಂದು ಚಿತ್ರಕಾರನ ಕಡೆಯವರು ವಿವರಿಸಿಯಾರು. ಆದರೆ ವಿವರಿಸಬೇಕಾಗಿ ಬಂದ ಚಿತ್ರವು ಅಷ್ಟರಮಟ್ಟಿಗೆ ಸೋತ ಚಿತ್ರವೇ. ಆ ವರ್ಷದ ಮೇ ತಿಂಗಳಿನಲ್ಲಿ, ಶಂಕರ ಪಿಳ್ಳೆಯವರು ೧೯೪೯ರಲ್ಲಿ ಬರೆದಿದ್ದ ಅಂಬೇಡ್ಕರರ ಚಿತ್ರವೊಂದು ಶಾಲೆಯ ಪಠ್ಯಪುಸ್ತಕದಲ್ಲಿರುವುದನ್ನು ಕುರಿತು ಪಾರ್ಲಿಮೆಂಟಿನಲ್ಲಿ ಗದ್ದಲವಾಗಿತ್ತು. ಸಂವಿಧಾನವು ಬಸವನಹುಳುವಿನಂತೆ ನಿಧಾನವಾಗಿ ಸಾಗುತ್ತಿದೆಯೆಂಬುದು ಆ ಹಳೆಯ ಚಿತ್ರದ ವಿನೋದ; ಕೈಯಲ್ಲಿದ್ದ ಚಾವಟಿಯು ಅರುವತ್ತು ವರ್ಷಗಳ ಮೇಲೆ ಬೇರೆ ಕಣ್ಣಿಗೆ ಬೇರೆಯಾಗಿ ಕಂಡಿತು. ಏಪ್ರಿಲಿನಲ್ಲಿ ಕಲಕತ್ತೆಯ ಪ್ರಾಧ್ಯಾಪಕರೊಬ್ಬರು, ಮುಖ್ಯಮಂತ್ರಿಗಳ ವಿನೋದಚಿತ್ರವನ್ನು ಸ್ನೇಹಿತರಿಗೆ ಕಳುಹಿಸಿದ್ದಕ್ಕಾಗಿ ಬಂಧನಕ್ಕೆ ಗುರಿಯಾಗಿದ್ದರು. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಅಧಿಕಾರಸ್ಥರ ಸಿಟ್ಟು ಬೇರೆ, ಅಧಿಕಾರವಿಲ್ಲದವರ ನೋವು ಬೇರೆ. ಎರಡನೆಯದಕ್ಕೆ ಉತ್ತರವನ್ನು ಚಿತ್ರಕಾರನು ಕೊಡಬೇಕು, ಸೆರೆಮನೆಯು ಕೊಡಲಾರದು.

ಮೊಕದ್ದಮೆಯ ಪರಿಣಾಮವು ಹೀಗಾಯಿತು. ೨೦೧೨ರ ಅಕ್ಟೋಬರಿನಲ್ಲಿ ಮಹಾರಾಷ್ಟ್ರ ಸರ್ಕಾರವು ರಾಜದ್ರೋಹದ ಆರೋಪವನ್ನು ಕೈಬಿಡುವುದಾಗಿ ಉಚ್ಚ ನ್ಯಾಯಾಲಯದಲ್ಲಿ ಹೇಳಿತು. ೨೦೧೫ರ ಮಾರ್ಚ್ ೧೭ರಂದು ಮುಖ್ಯ ನ್ಯಾಯಾಧೀಶ ಮೋಹಿತ್ ಷಾ ಅವರಿದ್ದ ಪೀ‌ಠವು ಅಂತಿಮ ತೀರ್ಪನ್ನು ಕೊಟ್ಟಿತು. ನ್ಯಾಯಾಧೀಶರು ಏಳು ಚಿತ್ರಗಳನ್ನು ಪರಿಶೀಲಿಸಿ, ಇವುಗಳಲ್ಲಿ ಚಾತುರ್ಯವಾಗಲಿ ಹಾಸ್ಯವಾಗಲಿ ಕೊಂಕಾಗಲಿ ಕಾಣುವುದು ಕಷ್ಟವೆಂದರು. ಆದರೆ ಹಾಸ್ಯವಿಲ್ಲವೆಂಬುದು ಸ್ವಾತಂತ್ರ್ಯವನ್ನು ಮೊಟಕುಮಾಡಲು ಕಾರಣವಾಗದೆಂದೂ, ಲಂಚಗುಳಿತನದ ಮೇಲಿನ ರೋಷವನ್ನು ತೋರಿಸಿದ್ದು ರಾಜದ್ರೋಹವಾಗದೆಂದೂ ತೀರ್ಮಾನಿಸಿದರು. ಇನ್ನು ಮುಂದೆ ರಾಜದ್ರೋಹದ ಕಲಮನ್ನು ಹಾಕುವ ಮೊದಲು ಪೊಲೀಸರು ಕಾನೂನು ಅಧಿಕಾರಿಗಳ ಅಭಿಪ್ರಾಯವನ್ನು ಬರಹದಲ್ಲಿ ಪಡೆಯಬೇಕೆಂದು ಸರ್ಕಾರವು ನಿಯಮಮಾಡಿತು. ಇದಾದ ಒಂದು ವಾರಕ್ಕೆ, ಮಾರ್ಚ್ ೨೪ರಂದು, ಸರ್ವೋಚ್ಚ ನ್ಯಾಯಾಲಯವು ಇನ್ನೊಂದು ಮೊಕದ್ದಮೆಯಲ್ಲಿ ೬೬ಎ ಪ್ರಕರಣವನ್ನೇ ರದ್ದುಮಾಡಿತು.

ಆ ತೀರ್ಪಿನಲ್ಲಿ ಅಲಂಕಾರಶಾಸ್ತ್ರವನ್ನು ಓದಿದವರಿಗೆ ಒಂದು ಸ್ವಾರಸ್ಯವುಂಟು. ಶಬ್ದವು ನೇರವಾಗಿ ಹೇಳಿದ್ದು ವಾಚ್ಯ. ಹೇಳದೆ ಹೊಳೆಯಿಸಿದ್ದು ವ್ಯಂಗ್ಯ. ವ್ಯಂಗ್ಯವು ಪ್ರಧಾನವಾದರೆ ಉತ್ತಮಕಾವ್ಯ, ವ್ಯಂಗ್ಯವಿಲ್ಲದ್ದು ಕೆಳಗಿನ ದರ್ಜೆಯದು. ಆ ಕೆಳಗಿನದಕ್ಕೆ ಮಮ್ಮಟನು ಕೊಟ್ಟ ಹೆಸರೇ ‘ಚಿತ್ರ’. ಕನ್ನಡಿಗರು ಎರಡನ್ನೂ ಕೂಡಿಸಿ ‘ವ್ಯಂಗ್ಯಚಿತ್ರ’ವೆಂಬ ಶಬ್ದವನ್ನು ಮಾಡಿಕೊಂಡರು! ಲಕ್ಷ್ಮಣರ ರೇಖೆಯಲ್ಲಿ ವ್ಯಂಗ್ಯವು ಹೆಚ್ಚು; ತ್ರಿವೇದಿಯದರಲ್ಲಿ ಬಹುಮಟ್ಟಿಗೆ ವಾಚ್ಯವೇ. ತೋಳಗಳ ಚಿತ್ರವೊಂದನ್ನು ಮಾತ್ರ ಬೇರೆಯಾಗಿ ಎಣಿಸಬೇಕು. ಅಲ್ಲಿ ನಿಂದೆಯಂತೆ ತೋರುವುದರ ಒಳಗೆ ಸ್ತುತಿಯುಂಟು. ಸಿಂಹಗಳು ಸಿಂಹಗಳಾಗಿಯೇ ಇರಬೇಕಾಗಿತ್ತೆಂಬ ಹಂಬಲವಿಲ್ಲದವನು ಅವು ತೋಳಗಳಾದುವೆಂದು ಗೋಳಾಡುವುದಿಲ್ಲ. ಇದಕ್ಕೆ ಆಲಂಕಾರಿಕರು ವ್ಯಾಜಸ್ತುತಿ ಎನ್ನುತ್ತಾರೆ. ಕೆಟ್ಟ ಕಾವ್ಯಕ್ಕೆ ಸಹೃದಯನ ಅನಾದರವೇ ದಂಡನೆಯೆಂಬುದು ಶಾಸ್ತ್ರಕಾರರೆಲ್ಲರ ಮತ. ಮುಂಬಯಿಯ ನ್ಯಾಯಾಧೀಶರೂ ಬಹುಶಃ ಅದನ್ನೇ ಹೇಳಿದರು.

೨೦೨೨ರ ಮೇ ೧೧ರಂದು ಸರ್ವೋಚ್ಚ ನ್ಯಾಯಾಲಯವು ೧೨೪ಎ ಪ್ರಕರಣವನ್ನು ತಡೆಹಿಡಿಯಿತು. ೨೦೨೪ರ ಜುಲೈ ೧ರಿಂದ ಹಳೆಯ ದಂಡಸಂಹಿತೆಯೇ ಹೋಗಿ ಭಾರತೀಯ ನ್ಯಾಯಸಂಹಿತೆಯು ಬಂದಿತು. ಅದರಲ್ಲಿ ರಾಜದ್ರೋಹವೆಂಬ ಹೆಸರಿಲ್ಲ. ದೇಶದ ಸಾರ್ವಭೌಮತ್ವ, ಏಕತೆ, ಅಖಂಡತೆಗಳಿಗೆ ಅಪಾಯ ತರುವ ಕೃತ್ಯಗಳನ್ನು ಕುರಿತ ೧೫೨ನೆಯ ಕಲಮು ಇದೆ. ಹೆಸರು ಬದಲಾದ ಮಾತ್ರಕ್ಕೆ ಸ್ವಭಾವ ಬದಲಾಯಿತೇ ಎಂಬುದು ವಕೀಲರ ವಾದದ ವಿಷಯ.

ಸಿಂಹಗಳ ವಾದವೂ ಅಲ್ಲಿಗೆ ಮುಗಿಯಲಿಲ್ಲ. ೨೦೨೨ರ ಜುಲೈ ೧೧ರಂದು ದೆಹಲಿಯ ಹೊಸ ಪಾರ್ಲಿಮೆಂಟು ಭವನದ ಮೇಲೆ ಕಂಚಿನ ರಾಷ್ಟ್ರಲಾಂಛನವೊಂದನ್ನು ಅನಾವರಣ ಮಾಡಿದರು. ಅದರ ಎತ್ತರ ಆರೂವರೆ ಮೀಟರು, ತೂಕ ೯,೫೦೦ ಕಿಲೋಗ್ರಾಂ. ಸಾರನಾಥದ ಸಿಂಹಗಳ ಮುಖ ಶಾಂತವಾದುದು, ಇವು ಬಾಯಿ ತೆರೆದು ಹಲ್ಲು ಕಿರಿಯುತ್ತಿವೆ ಎಂದು ಕೆಲವರು ಆಕ್ಷೇಪಿಸಿದರು. ಕೆಳಗಿನಿಂದ ನೋಡಿದರೆ ಹಾಗೆ ಕಾಣುತ್ತದೆ, ಅಳತೆಯ ಭೇದವಷ್ಟೆ ಎಂದು ಸರ್ಕಾರದ ಕಡೆಯವರು ಹೇಳಿದರು. ಇದನ್ನೂ ಸರ್ವೋಚ್ಚ ನ್ಯಾಯಾಲಯಕ್ಕೆ ಒಯ್ದವರಿದ್ದರು. ಅನಿಸಿಕೆಯು ನೋಡುವವನ ಮನಸ್ಸನ್ನು ಅವಲಂಬಿಸಿದೆಯೆಂದು ಹೇಳಿ ನ್ಯಾಯಾಧೀಶರು ಸೆಪ್ಟೆಂಬರ್ ೩೦ರಂದು ಅರ್ಜಿಯನ್ನು ವಜಾಮಾಡಿದರು.